ಓದುಗರ ಪ್ರಶ್ನೆಗೆ ಉತ್ತರ: ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರೀಲ್ಸ್ ಮತ್ತು ಶಾರ್ಟ್ಸ್ ಬಗ್ಗೆ. ನೋಡುವವರು ವಿಡಿಯೋ ಸರಿಸಿಬಿಡುವ ಮೊದಲು ಅವರನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದೇ ಎಲ್ಲರ ಚಿಂತೆ. 'ವೈರುಧ್ಯ ತೋರಿಸಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಯಾವುದಕ್ಕೆ ವಿರುದ್ಧವಾಗಿ ಏನನ್ನು ತೋರಿಸಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಿದ್ದಾರೆ.

ನಮ್ಮದು ಸೀರಿ ಅಂಗಡಿ ಐತ್ರಿ. ನಲವತ್ತು ಸೆಕೆಂಡಿನ ವಿಡಿಯೋ ಹಾಕ್ತೀವಿ. ಮೊದಲ 'ನಮಸ್ಕಾರ, ನಮ್ಮ ಅಂಗಡಿಗೆ ಸ್ವಾಗತ' ಅಂತೀವಿ, ಆಮ್ಯಾಲ ಒಂದೊಂದ ಸೀರಿ ಬಿಚ್ಚಿ ತೋರಸ್ತೀವಿ. ಗ್ರಾಫ್ ನೋಡಿದ್ರ ಮೂರನೇ ಸೆಕೆಂಡಿಗೇ ಅರ್ಧಕ್ಕಿಂತ ಹೆಚ್ಚು ಮಂದಿ ಹೋಗಿರ್ತಾರ. ಬಣ್ಣಾನೂ ಮಂಕ ಕಾಣ್ತಾವ. ಎಲ್ಲಿ ತಪ್ಪತೈತ್ರಿ?
— ಸೀರೆ ವ್ಯಾಪಾರಿ, ಇಳಕಲ್

ನಮಸ್ಕಾರದಲ್ಲೇ ತಪ್ಪುತ್ತಿದೆ. ಅಂಗಡಿಗೆ ಬಂದವರು ತಾವಾಗಿ ಮೆಟ್ಟಿಲು ಹತ್ತಿ ಬಂದಿರುತ್ತಾರೆ, ಅವರಿಗೆ ಸ್ವಾಗತ ಹೇಳಲೇಬೇಕು. ಫೋನಿನಲ್ಲಿ ಹಾಗಲ್ಲ, ಅಲ್ಲಿ ನೀವೇ ಕರೆಯದೆ ಅವರ ಮುಂದೆ ಬಂದು ನಿಂತಿರುತ್ತೀರಿ.

ಒಂದು ಕೈಯನ್ನು ಬಿಸಿನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ. ತತ್ತ್ವಜ್ಞಾನಿ ಜಾನ್ ಲಾಕ್ 1690ರಲ್ಲೇ ಇದನ್ನು ಬರೆದಿದ್ದರು. ಮನಸ್ಸು ಯಾವುದನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಹಿಂದಿನದರ ಪಕ್ಕಕ್ಕಿಟ್ಟೇ ಅಳೆಯುತ್ತದೆ. ನಿಮ್ಮ ವಿಡಿಯೋದಲ್ಲಿ ಕೊನೆಯ ಪಾತ್ರೆ ಮಾತ್ರ ಇದೆ. ನೋಡುವವರ ಕೈಯನ್ನು ಮೊದಲ ಪಾತ್ರೆಗೆ ಹಾಕಿಸುವುದನ್ನು ನೀವು ಬಿಟ್ಟಿದ್ದೀರಿ.

ಆ ಮೊದಲ ಪಾತ್ರೆ ಎಂದರೆ ಅವರ ತಲೆಯಲ್ಲಿ ಈಗಾಗಲೇ ಇರುವ ಎಣಿಕೆ. ಸೀರೆಯ ವಿಷಯದಲ್ಲಿ ಅದು 'ಎರಡೂ ಒಂದೇ ಥರ ಕಾಣ್ತಾವ, ಇದಕ್ಯಾಕ ಇಷ್ಟ ರೊಕ್ಕ?' ಎಂಬುದು. ಅಲ್ಲಿಂದಲೇ ಆರಂಭಿಸಿ. ಮೊದಲ ಒಂದೂವರೆ ಸೆಕೆಂಡು: ಒಂದೇ ಬಣ್ಣದ ಎರಡು ಸೀರೆ ಅಕ್ಕಪಕ್ಕ, ಮೇಲೆ ನಿಮ್ಮ ಅಂಗಡಿಯ ನಿಜವಾದ ಎರಡು ಬೆಲೆ. ಮಾತು ಒಂದೇ ವಾಕ್ಯ: 'ಎರಡೂ ಇಳಕಲ್ ಸೀರಿ ಅಂತಾರ.' ನಂತರದ ಒಂದೂವರೆ ಸೆಕೆಂಡು: ಕೈಮಗ್ಗದ ಸೀರೆಯನ್ನು ಮಗುಚಿ, ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಮತ್ತು ಸೆರಗಿನ ಹಾಸು ಸೇರುವ ಗೆರೆಯನ್ನು ತೀರ ಹತ್ತಿರದಿಂದ. ಅಲ್ಲಿ ಎಳೆಗೆ ಎಳೆ ಸಿಕ್ಕಿಸಿದ ಕೊಂಡಿ ಕಾಣಬೇಕು. ಇಲ್ಲಿಗೆ ಮೂರು ಸೆಕೆಂಡು. ಇನ್ನು ಅವರು ಇರುತ್ತಾರೆ, ಏಕೆಂದರೆ ಆ ಗೆರೆ ಏನೆಂದು ಅವರಿಗೆ ತಿಳಿದಿಲ್ಲ.

ಉತ್ತರಕ್ಕೆ ನಿಮ್ಮ ಊರಿನ ನೇಯ್ಗೆಯಲ್ಲೇ ಒಳ್ಳೆಯ ಸಂಗತಿಯಿದೆ. ಕೊಂಡಿ ಹಾಕಿ ಟೋಪ್ ತೆನಿ ಎಂಬ ಇಳಕಲ್ಲಿನ ಸಾಂಪ್ರದಾಯಿಕ ಸೆರಗು ಕೂಡಿಸುವುದರಿಂದ, ಉದ್ದನೆಯ ಹಾಸು ಹೂಡಿ ಒಂದರ ಹಿಂದೊಂದು ಸೀರೆ ನೇಯಲು ಆಗುವುದಿಲ್ಲ. ಒಂದು ಸೀರೆಗೆ ಒಂದೇ ಹಾಸು. 'ಒಂದ ಸೀರಿ ಮುಗದ್ರ ಮಗ್ಗ ಮತ್ತ ಮೊದಲಿಂದ ಹೂಡಬೇಕ್ರಿ' ಎಂಬ ಮಾತನ್ನು ಹತ್ತನೇ ಸೆಕೆಂಡಿನೊಳಗೆ ಹೇಳಿ. ಅದನ್ನು ಕೊನೆಗೆಂದು ಬಚ್ಚಿಟ್ಟರೆ ಗ್ರಾಫ್ ನಡುವೆಯೇ ಕುಸಿಯುತ್ತದೆ. ನಮಸ್ಕಾರ ಮತ್ತು ಅಂಗಡಿಯ ಹೆಸರು ಕೊನೆಯಲ್ಲಿರಲಿ. ನಲವತ್ತು ಸೆಕೆಂಡು ಬೇಡ, ಈ ವಿಷಯಕ್ಕೆ ಇಪ್ಪತ್ತೆರಡು ಸಾಕು.

ಬಣ್ಣದ ಮಾತು. ಪ್ಯಾರಿಸ್ಸಿನ ಗೋಬೆಲಾಂ ಬಣ್ಣದ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ, ರಸಾಯನಶಾಸ್ತ್ರಜ್ಞ ಶೆವ್ರೆಲ್ ಪರೀಕ್ಷಿಸಿ, ಬಣ್ಣದಲ್ಲಿ ದೋಷವಿಲ್ಲ, ಪಕ್ಕದಲ್ಲಿರುವ ನೀಲಿ-ನೇರಳೆ ನೂಲು ಅದನ್ನು ಹಾಗೆ ಕಾಣಿಸುತ್ತಿದೆ ಎಂದು ತೋರಿಸಿದರು. 1839ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ನೀವು ಕೆಂಪು ಸೆರಗನ್ನು ಕೆಂಪು-ಕಿತ್ತಳೆ ಸೀರೆಗಳ ರಾಶಿಯ ಮುಂದೆ ಹಿಡಿಯುತ್ತಿದ್ದರೆ ಅದು ಸಾಯುತ್ತದೆ. ಹಿಂದೆ ಗಾಢ ಹಸಿರು ಅಥವಾ ಬೂದು ಬಟ್ಟೆ ಕಟ್ಟಿ. ಫ್ರೇಮಿನಲ್ಲಿ ಎರಡೇ ಬಣ್ಣ ಇರಲಿ. ಫೋನಿನ ಪರದೆಯಲ್ಲಿ ಸೆರಗಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಕೆಂಪು ಅತಿಯಾದರೆ ನೇಯ್ಗೆಯ ಎಳೆಗಳು ಕರಗಿ ಬರೀ ಕೆಂಪು ಪಟ್ಟಿ ಉಳಿಯುತ್ತದೆ. ಅಪ್‌ಲೋಡ್ ಆಗುವಾಗ ಫೈಲು ಕುಗ್ಗುವುದರಿಂದ ಅದು ಇನ್ನೂ ಕೆಡುತ್ತದೆ. ಒಂದು ಎಚ್ಚರ: ಹಿನ್ನೆಲೆಯ ಬಲದಿಂದ ಮಿಂಚಿದ ಸೀರೆ ಮನೆಗೆ ಹೋದಾಗ ಬೇರೆ ಕಂಡರೆ ವಾಪಸ್ ಬರುತ್ತದೆ. ಅದೇ ವಿಡಿಯೋದಲ್ಲಿ ಎರಡು ಸೆಕೆಂಡು ಬಾಗಿಲ ಬಳಿಯ ಹಗಲು ಬೆಳಕಿನಲ್ಲೂ ತೋರಿಸಿಬಿಡಿ.

ನಾವು ಒಣದ್ರಾಕ್ಷಿ ಮಾಡಿ ನೇರವಾಗಿ ಮಾರುತ್ತೇವೆ. ಮೊದಲಿಗೇ ಢಂ ಎಂಬ ಸದ್ದು, ಕೆಂಪು ಬಾಣ, 'ನಂಬಲಿಕ್ಕೇ ಆಗಲ್ಲ!' ಎಂದು ಹಾಕಿದಾಗ ವ್ಯೂಸ್ ದುಪ್ಪಟ್ಟಾಯಿತು. ಆದರೆ ಫೋನ್ ಒಂದೂ ಬರಲಿಲ್ಲ. ಯಾಕೆ?
— ದ್ರಾಕ್ಷಿ ಬೆಳೆಗಾರ, ತಿಕೋಟಾ

ಮೊದಲು ವ್ಯೂಸ್ ಲೆಕ್ಕ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ ಎಂದು ಎಣಿಸುತ್ತಾರೆ. ಮತ್ತೆ ಓಡಿದರೂ ಇನ್ನೊಂದು. ಹಳೆಯ ರೀತಿಯ ಲೆಕ್ಕ (ಸರಿಸದೆ ಸ್ವಲ್ಪ ಹೊತ್ತು ನೋಡಿದವರದು) ಯೂಟ್ಯೂಬ್ ಸ್ಟುಡಿಯೋದಲ್ಲಿ 'ಎಂಗೇಜ್ಡ್ ವ್ಯೂಸ್' ಎಂಬ ಹೆಸರಿನಲ್ಲಿದೆ, ನೀವು ನೋಡಬೇಕಾದ್ದು ಅದು. ಜೊತೆಗೆ ಎಷ್ಟು ಜನ ನಿಂತರು, ಎಷ್ಟು ಜನ ಸರಿಸಿದರು ಎಂಬ ಶೇಕಡಾ ಲೆಕ್ಕವನ್ನೂ ನೋಡಿ.

ಢಂ ಎನ್ನುವುದು ಬರೀ ಬೆಚ್ಚಿಬೀಳಿಸುವ ಕೆಲಸ, ಅದರಲ್ಲಿ ವೈರುಧ್ಯವಿಲ್ಲ. ಬೆಚ್ಚಿದವರು ಒಂದು ಕ್ಷಣ ನಿಲ್ಲುತ್ತಾರೆ, ಕಾರಣ ಕಾಣದಿದ್ದರೆ ಹೋಗುತ್ತಾರೆ. ವೈರುಧ್ಯಕ್ಕೆ ಒಂದೇ ಅಳತೆಗೋಲಿನ ಎರಡು ತುದಿ ಬೇಕು: ತೂಕದ ಎದುರು ತೂಕ, ದಿನದ ಎದುರು ದಿನ. ನಿಮ್ಮ ಕಸುಬಿನಲ್ಲಿ ಅದು ತಕ್ಕಡಿಯ ಮೇಲೆಯೇ ಇದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ, ಅಂದರೆ ಒಣದ್ರಾಕ್ಷಿ.

ಹೀಗೆ ತೆಗೆಯಿರಿ. ಹಣ್ಣನ್ನು ದ್ರಾವಣದಲ್ಲಿ ಅದ್ದುವ ದಿನವೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ 4.00 ಕಿಲೋ ತೋರುವಂತೆ ಗೊನೆ ಇಟ್ಟು ಐದು ಸೆಕೆಂಡು ಚಿತ್ರಿಸಿ. ಫೋನ್ ನಿಲ್ಲಿಸಿದ ಜಾಗಕ್ಕೆ ನೆಲದ ಮೇಲೆ ಬಣ್ಣದ ಗುರುತು ಹಾಕಿ, ಸ್ಟ್ಯಾಂಡಿನ ಎತ್ತರ ಬರೆದಿಟ್ಟುಕೊಳ್ಳಿ, ವೇಳೆಯನ್ನೂ ಬರೆಯಿರಿ. ಆ ನಾಲ್ಕು ಕಿಲೋ ಹಣ್ಣನ್ನೇ ಬಲೆಯ ಮೇಲೆ ಬೇರೆ ಮೂಲೆಯಲ್ಲಿ ಒಣಗಿಸಿ. ಎರಡು ವಾರದ ಆಚೀಚೆ ಒಣಗಿದ ಮೇಲೆ ಅದೇ ಗುರುತು, ಅದೇ ಎತ್ತರ, ಅದೇ ಹೊತ್ತು, ಅದೇ ತಕ್ಕಡಿ. ಎರಡು ತುಣುಕನ್ನು ನಡುವೆ ಯಾವ ಎಫೆಕ್ಟೂ ಇಲ್ಲದೆ ಜೋಡಿಸಿ. ತಕ್ಕಡಿ ಅಲ್ಲೇ ಇದ್ದು ಹಣ್ಣು ಮಾತ್ರ ಕುಗ್ಗಿದಂತೆ ಕಾಣಬೇಕು. ಫೋನ್ ಒಂದು ಗೇಣು ಸರಿದಿದ್ದರೂ ಕಣ್ಣು ಹಣ್ಣನ್ನು ಬಿಟ್ಟು ಆ ಜಿಗಿತವನ್ನೇ ನೋಡುತ್ತದೆ, ವಿಡಿಯೋ ಅಲ್ಲೇ ಸತ್ತಿತು.

ನಿಮ್ಮ ಹಣ್ಣಿನ ಸಿಹಿ ಕಡಿಮೆಯಿದ್ದು ಒಂದು ಕಿಲೋಕ್ಕಿಂತ ಕಡಿಮೆ ಬಂದರೆ ಬಂದಷ್ಟನ್ನೇ ತೋರಿಸಿ. 0.91 ಎಂಬ ಅಂಕಿಯನ್ನು 1.00ಕ್ಕಿಂತ ಜನ ಹೆಚ್ಚು ನಂಬುತ್ತಾರೆ. ಮಾತು: 'ರೇಟ್ ಜಾಸ್ತಿ ಅಂತೀರಿ. ನೀವು ಕೊಂಡಿದ್ದು ಒಂದ ಕಿಲೋ ಅಲ್ರಿ, ನಾಕ ಕಿಲೋ.' ಫೋನ್ ಬರುವುದು ಈ ವಾಕ್ಯಕ್ಕೆ, ಏಕೆಂದರೆ ಇದು ಕೊಳ್ಳುವವರ ಮನಸ್ಸಿನ ಆಕ್ಷೇಪವನ್ನೇ ತಿರುಗಿಸಿ ಇಟ್ಟಿದೆ.

ಇನ್ನೊಂದು ಇದಕ್ಕಿಂತ ಗಟ್ಟಿ ಹುಕ್ (ನೋಡುವವರನ್ನು ಹಿಡಿದು ನಿಲ್ಲಿಸುವ ಆರಂಭ) ಇದೆ. ಹಸಿರು-ಹಳದಿ ಮಿನುಗುವ ಒಣದ್ರಾಕ್ಷಿಯೇ ತಾಜಾ ಎಂದು ಪೇಟೆಯ ನಂಬಿಕೆ. ಆ ಮಿನುಗು ಬಹಳ ಸಲ ಗಂಧಕದ ಹೊಗೆ ಕೊಟ್ಟದ್ದರಿಂದ ಬಂದದ್ದು. ಹೊಗೆ ಕೊಡದ್ದು ಸಾಮಾನ್ಯವಾಗಿ ಕಂದಾಗುತ್ತದೆ. ಎರಡು ಬಟ್ಟಲು ಪಕ್ಕಪಕ್ಕ ಇಟ್ಟು 'ಯಾವುದು ಆರಿಸ್ತೀರಿ?' ಎಂದು ಕೇಳಿ. ನಿಮ್ಮ ಮಾಲು ನಿಜಕ್ಕೂ ಹೊಗೆ ಕಾಣದ್ದಾಗಿದ್ದರೆ ಮಾತ್ರ ಇದನ್ನು ಮಾಡಿ.

ಮೊದಲು-ನಂತರ ವಿಡಿಯೋ ಚೆನ್ನಾಗಿ ಓಡುತ್ತವೆ. ನಮ್ಮ ಗಿಡಮೂಲಿಕೆ ಪುಡಿಯಿಂದ ಸಕ್ಕರೆ ಕಾಯಿಲೆ ಇಳಿದವರ ರಿಪೋರ್ಟ್ ಮೊದಲಿನದು-ನಂತರದ್ದು ತೋರಿಸಬಹುದೇ?
— ಓದುಗರು, ಗೋಕಾಕ

ಬೇಡ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ ಇದೆ. ಅದನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದೇ ಅಪರಾಧ, ರಿಪೋರ್ಟ್ ಅಸಲಿಯಾದರೂ ಸರಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಇದಕ್ಕಿಂತ ದೊಡ್ಡ ಮಾತೆಂದರೆ, ಆ ವಿಡಿಯೋ ನಂಬಿ ಯಾರೋ ಮಾತ್ರೆ ನಿಲ್ಲಿಸುತ್ತಾರೆ. ವೈರುಧ್ಯ ಅಷ್ಟು ಬಲವಾಗಿ ಕೆಲಸ ಮಾಡುತ್ತದೆ, ಅದಕ್ಕೇ ಅದನ್ನು ಇಲ್ಲಿ ಮುಟ್ಟಬಾರದು. ಪುಡಿ ಮಾಡುವ ಬಗೆ ತೋರಿಸಿ: ಹಸಿ ಎಲೆಯ ಒಂದು ಬುಟ್ಟಿ, ಒಣಗಿ ಕುಟ್ಟಿ ಸೋಸಿದ ಮೇಲೆ ಉಳಿದ ಒಂದು ಹಿಡಿ. ರೋಗದ ಹೆಸರು ಎತ್ತಬೇಡಿ.

ಗೋಲಗುಮ್ಮಟದ ಬಗ್ಗೆ ಎಷ್ಟೇ ವಿಡಿಯೋ ಮಾಡಿದರೂ 'ಗೊತ್ತಿದ್ದದ್ದೇ' ಎಂದು ಸರಿಸುತ್ತಾರೆ. ಗೊತ್ತಿರುವ ಜಾಗಕ್ಕೆ ಹುಕ್ ಎಲ್ಲಿಂದ ತರಲಿ?
— ಪ್ರವಾಸಿ ಗೈಡ್, ವಿಜಯಪುರ

'ಜಗತ್ಪ್ರಸಿದ್ಧ ಗುಮ್ಮಟ' ಎಂದು ಶುರು ಮಾಡಿದರೆ ಶಾಲೆಯ ಪಾಠ ನೆನಪಾಗುತ್ತದೆ. ಅಲ್ಲಿ ನಿಮಗೆ ಸಿಗುವ ವೈರುಧ್ಯ ಕಣ್ಣಿಗಿಂತ ಕಿವಿಗೆ ಹೆಚ್ಚು: ಸದ್ದು ಅತಿ ಚಿಕ್ಕದು, ಜಾಗ ಅತಿ ದೊಡ್ಡದು. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಪಿಸುಗುಟ್ಟುವ ಮೊಗಸಾಲೆಯ ಒಂದು ಬದಿಯಲ್ಲಿ ಕಾಗದ ಹರಿಯುವ ಕೈ ತೀರ ಹತ್ತಿರದಿಂದ, ತಕ್ಷಣ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ಕೂತವರ ಮುಖ, ಆಮೇಲೆ ಇಡೀ ಗುಮ್ಮಟ ಕಾಣುವ ದೂರದ ಫ್ರೇಮು. ಈ ಮೂರು ಶಾಟಿಗೆ ನಾಲ್ಕು ಸೆಕೆಂಡು.

ಆರಂಭದಲ್ಲಿ ಅರ್ಧ ಸೆಕೆಂಡು ಸಂಗೀತವಿಲ್ಲದೆ ಬಿಡಿ. ಹಿಂದಿನ ವಿಡಿಯೋದ ಗದ್ದಲದಿಂದ ಬಂದವರಿಗೆ ಆ ಮೌನವೇ ಎದ್ದು ಕಾಣುತ್ತದೆ. ಒಂದೇ ಥರದ ಸಾಲಿನಲ್ಲಿ ಬೇರೆಯಾಗಿ ನಿಂತದ್ದು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿ ತೋರಿಸಿದ್ದು ಇದೇ ಬಗೆಯದು. ಒಂದು ಸೆಕೆಂಡು ಮೀರಿದರೆ ಮಾತ್ರ ಸೌಂಡ್ ಆಫ್ ಇದೆ ಎಂದುಕೊಂಡು ಹೋಗಿಬಿಡುತ್ತಾರೆ. 'ಸೌಂಡ್ ಏರಸ್ರಿ' ಎಂದು ಮೊದಲ ಫ್ರೇಮಿನಲ್ಲೇ ಅಕ್ಷರ ಹಾಕಿ.

ಇಲ್ಲಿ ಬಹಳ ಜನ ಸೋಲುವುದು ಫೋನಿನ ಜಾಣತನದಿಂದ. ಗದ್ದಲ ತಗ್ಗಿಸುವ ಸೆಟ್ಟಿಂಗು ಪ್ರತಿಧ್ವನಿಯನ್ನೂ ಗದ್ದಲವೆಂದೇ ತಿಳಿದು ಅಳಿಸಿಹಾಕುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ 'ವಾಯ್ಸ್ ಐಸೊಲೇಷನ್' (ಮಾತನ್ನು ಮಾತ್ರ ಉಳಿಸುವ ಸೌಲಭ್ಯ) ಒತ್ತಿದರಂತೂ ಏನೂ ಉಳಿಯದು. ಎರಡನ್ನೂ ಆಫ್ ಮಾಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಶಾಲಾ ಪ್ರವಾಸದ ಮಕ್ಕಳು ಮೇಲೆ ಹತ್ತಿದ ಮೇಲೆ ಆ ಸದ್ದು ಸಿಗುವುದಿಲ್ಲ. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ವಿಡಿಯೋದ ಮೇಲಿನ ಕನ್ನಡ ಅಕ್ಷರ ಓದಲಾಗುವುದಿಲ್ಲ ಎನ್ನುತ್ತಾರೆ. ಅಳತೆ ಹೇಳಿ.
— ವಿದ್ಯಾರ್ಥಿನಿ, ಬೆಳಗಾವಿ

1080 × 1920 ಪಿಕ್ಸೆಲ್‌ನ ನಿಂತ ಫ್ರೇಮಿನಲ್ಲಿ ಕೆಳಗಿನ ಸುಮಾರು ಐದನೇ ಒಂದು ಭಾಗ ಮತ್ತು ಬಲ ಅಂಚು ಆ್ಯಪ್‌ನ ಬಟನ್ನುಗಳಿಗೆ ಹೋಗುತ್ತದೆ. ನಿಮ್ಮ ಸಾಲು ನಡುವಿಗಿಂತ ತುಸು ಮೇಲಿರಲಿ. ಒಂದು ಸಲಕ್ಕೆ ಐದಾರು ಪದ, ಎರಡೇ ಸಾಲು, ದಪ್ಪ ಫಾಂಟು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವೈರುಧ್ಯದ ಎರಡು ಪದಗಳಿಗೆ ಮಾತ್ರ ಬೇರೆ ಬಣ್ಣ ಕೊಡಿ. ಎಲ್ಲಕ್ಕೂ ಬಣ್ಣ ಹಚ್ಚಿದರೆ ಯಾವುದೂ ಎದ್ದು ಕಾಣದು.

ಖಡಕ್ ರೊಟ್ಟಿ ಮಾಡಿ ಮಾರ್ತೀವ್ರಿ. 'ಅಂಗಡಿ ರೊಟ್ಟಿ – ನಮ್ಮ ರೊಟ್ಟಿ' ಅಂತ ಹೋಲಿಸಿ ಹಾಕಿದ್ದು ಮೊದಲ ಭಾಳ ಓಡಿತು. ಈಗ ಯಾರೂ ನಿಲ್ಲವಲ್ರು. ಏನ ಮಾಡೋದ್ರಿ?
— ಸ್ವಸಹಾಯ ಸಂಘದ ಸದಸ್ಯೆ, ಜಮಖಂಡಿ

ಅಕ್ಕಾರ, ನಿಮ್ಮ ಹೋಲಿಕೆ ಈಗ ನಿಮ್ಮ ನೋಡುಗರಿಗೆ ರೂಢಿಯಾಗಿದೆ. ಬಿಸಿನೀರಿನಲ್ಲೇ ಇದ್ದ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಅಳತೆಗೋಲನ್ನೇ ಬದಲಿಸಿ. ಈ ವಾರ ಸದ್ದು: ಹಿಟ್ಟಿನ ಮುದ್ದೆ ಬಡಿಯುವ ಮೆತ್ತನೆಯ ಸಪ್ಪಳ, ಕೂಡಲೇ ಖಡಕ್ ರೊಟ್ಟಿ ಮುರಿಯುವ ಚಟ್ಟನೆ ಸದ್ದು. ಮುಂದಿನ ವಾರ ಕಾಲ: ಇವತ್ತು ಬೇಯಿಸಿದ ರೊಟ್ಟಿಯ ಪಕ್ಕದಲ್ಲಿ ತಿಂಗಳ ಹಿಂದಿನದು, ಎರಡರ ಮೇಲೂ ತಾರೀಖಿನ ಚೀಟಿ, ಎರಡನ್ನೂ ಮುರಿದು ತೋರಿಸಿ. ಅದರಾಚೆ ನಂಬಿಕೆ: 'ಜ್ವಾಳದ ಹಿಟ್ಟಿಗೆ ಜಿಗಿ ಇಲ್ಲ, ಲಟ್ಟಿಸಿದ್ರ ಒಡಿತೈತಿ' ಎನ್ನುವವರಿಗೆ ಕುದಿನೀರು ಹಾಕಿ ನಾದಿದ ಹಿಟ್ಟನ್ನೂ ತಣ್ಣೀರಿನಲ್ಲಿ ಕಲಸಿದ್ದನ್ನೂ ಒಟ್ಟಿಗೆ ತಟ್ಟಿ. ತಣ್ಣೀರಿನದು ಅಂಚಿನಲ್ಲಿ ಸೀಳುವುದು ಎರಡನೇ ಸೆಕೆಂಡಿಗೇ ಕಾಣುತ್ತದೆ.

ಯಾವುದು ಹಿಡಿಯಿತು ಎಂದು ತಿಳಿಯಲು ಉಳಿದ ವಿಡಿಯೋ ಮುಟ್ಟದೆ ಮೊದಲ ಮೂರು ಸೆಕೆಂಡು ಮಾತ್ರ ಬದಲಿಸಿ ಎರಡು ಪ್ರತಿ ಮಾಡಿ. ನಿಮ್ಮ ಖಾತೆಗೆ ಇನ್‌ಸ್ಟಾಗ್ರಾಮಿನ 'ಟ್ರಯಲ್ ರೀಲ್' ಸೌಲಭ್ಯ ಸಿಗುತ್ತಿದ್ದರೆ ಅದರಲ್ಲಿ ಹಾಕಿ, ನಿಮ್ಮನ್ನು ಫಾಲೋ ಮಾಡದ ಹೊಸಬರಿಗೆ ಅದು ಮೊದಲು ಹೋಗುತ್ತದೆ. ಸಿಗದಿದ್ದರೆ ಒಂದು ವಾರ ಬಿಟ್ಟು ಅದೇ ದಿನ (ಸೋಮವಾರವಾದರೆ ಸೋಮವಾರವೇ) ಅದೇ ಹೊತ್ತಿಗೆ ಎರಡನೆಯದನ್ನು ಹಾಕಿ, ಮೂರನೇ ಸೆಕೆಂಡಿನಲ್ಲಿ ಎಷ್ಟು ಜನ ಉಳಿದರೆಂಬುದನ್ನು ವಹಿಯಲ್ಲಿ ಬರೆದಿಡಿ.