ಹಲ್ಲು ಕೀಳಿಸಿದ ಗಾಯ ಮತ್ತು ಮುಖಮೈಥುನ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ) ಬಂದ, ಮೂವತ್ತರ ಆಸುಪಾಸಿನ ಈ ಅವಿವಾಹಿತ ವ್ಯಕ್ತಿ ಬುದ್ಧಿಹಲ್ಲು ಕೀಳಿಸಿಕೊಂಡ ಮರುದಿನವೇ ಅಲ್ಪ ಪರಿಚಯದ ಪುರುಷನೊಬ್ಬನೊಂದಿಗೆ ಕಾಂಡೋಮ್ ಇಲ್ಲದೆ ಮುಖಮೈಥುನ ನಡೆಸಿದ್ದರು; ವೀರ್ಯ ಬಾಯಿಗೆ ಬಿದ್ದಿತ್ತು. ಎರಡು ದಿನಗಳ ಬಳಿಕ ನನ್ನೆದುರು ಕುಳಿತಾಗ ಅವರು ಕೇಳಿದ ಮೊದಲ ಪ್ರಶ್ನೆ: "ಸರ್, ಹಲ್ಲು ಕಿತ್ತ ಜಾಗ ವಾಸನೆ ಬರ್ತಿದೆ, ನೋವು ಕಿವಿವರೆಗೂ ಹಬ್ಬಿದೆ. ಎಚ್‌ಐವಿ ಶುರುವಾಯ್ತಾ?"

ಇಲ್ಲ. ಹಲ್ಲು ಕಿತ್ತ ಎರಡು-ಮೂರು ದಿನಗಳಲ್ಲಿ ಕುಳಿಯ ರಕ್ತದ ಹೆಪ್ಪು ಕಳಚಿ ಮೂಳೆ ತೆರೆದುಕೊಂಡರೆ ಹೀಗೆಯೇ ನೋವು, ದುರ್ವಾಸನೆ ಬರುತ್ತದೆ. ದಂತವೈದ್ಯರು ಅದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಯಾವ ಲೈಂಗಿಕ ಸೋಂಕೂ ಎರಡೇ ದಿನಕ್ಕೆ ಹೀಗೆ ಕಾಣಿಸಿಕೊಳ್ಳುವುದಿಲ್ಲವೆಂದು ಹೇಳಿ, ಅಂದೇ ದಂತವೈದ್ಯರ ಬಳಿ ಹೋಗಲು ತಿಳಿಸಿದೆ.

ಆದರೆ ಭಯ ತಪ್ಪು ಜಾಗದಲ್ಲಿತ್ತೆಂದ ಮಾತ್ರಕ್ಕೆ ಅಪಾಯವೇ ಇರಲಿಲ್ಲವೆಂದಲ್ಲ. ಮುಖಮೈಥುನದಿಂದ ಎಚ್‌ಐವಿ ಹರಡುವ ಸಾಧ್ಯತೆ ಸಾಮಾನ್ಯವಾಗಿ ತೀರಾ ಕಡಿಮೆ. ಬಾಯಲ್ಲಿ ಹಸಿಗಾಯವಿದ್ದು ಅದಕ್ಕೆ ವೀರ್ಯ ತಗಲಿದಾಗ, ಸಂಗಾತಿಯ ಸೋಂಕಿನ ಸ್ಥಿತಿಯೂ ಗೊತ್ತಿಲ್ಲದಾಗ, ಆ ಸಾಧ್ಯತೆಯನ್ನು ಬದಿಗೊತ್ತುವಂತಿಲ್ಲ. ಸೋಂಕು ತಡೆಯುವ ಪಿಇಪಿ ಮಾತ್ರೆಗಳನ್ನು ಸಂಪರ್ಕವಾದ 72 ಗಂಟೆಗಳೊಳಗೆ ಆರಂಭಿಸಬೇಕಾದ್ದರಿಂದ, ಉಳಿದ ಮಾತುಗಳನ್ನು ಆಮೇಲಕ್ಕಿಟ್ಟು, ಒಪ್ಪಿಗೆ ಪಡೆದು ರಕ್ತಪರೀಕ್ಷೆ ಮಾಡಿಸಿ, ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರದ ವೈದ್ಯರ ಬಳಿ ಕಳುಹಿಸಿದೆ. ವೈದ್ಯರು 28 ದಿನಗಳ ಮಾತ್ರೆ ಬರೆದರು.

ನನಗೆ ಹೆಚ್ಚು ಆತಂಕ ತಂದದ್ದು ಅವರು ಕೇಳದೇ ಬಿಟ್ಟ ಸೋಂಕುಗಳು. ಸಿಫಿಲಿಸ್, ಗೊನೋರಿಯಾ, ಹರ್ಪಿಸ್ ಬಾಯಿಯ ಮೂಲಕ ಎಚ್‌ಐವಿಗಿಂತ ಸುಲಭವಾಗಿ ಅಂಟುತ್ತವೆ, ಅದಕ್ಕೆ ಗಾಯವೇ ಬೇಕೆಂದಿಲ್ಲ. ಗಂಟಲಿನ ಗೊನೋರಿಯಾ ಬಹುತೇಕ ಲಕ್ಷಣವನ್ನೇ ತೋರುವುದಿಲ್ಲ. ಸಿಫಿಲಿಸ್‌ನ ನೋವಿಲ್ಲದ ಹುಣ್ಣು ಏಳಲು 10ರಿಂದ 90 ದಿನ ಹಿಡಿಯಬಹುದು. "ಹಲ್ಲಿಗೆ ಕೊಟ್ಟ ಆಂಟಿಬಯಾಟಿಕ್ ನುಂಗ್ತಾ ಇದ್ದೀನಲ್ಲ, ಅದು ಸಾಲದೇ?" ಎಂದರು. ಈ ನಂಬಿಕೆ ವಿದ್ಯಾವಂತರಲ್ಲೂ ಗಟ್ಟಿಯಾಗಿದೆ. ಹಲ್ಲಿನ ಅಮಾಕ್ಸಿಸಿಲಿನ್ ವೈರಸ್ಸಿಗೆ ನಾಟುವುದಿಲ್ಲ, ಗೊನೋರಿಯಾವನ್ನು ನೆಚ್ಚುವಂತೆ ವಾಸಿಮಾಡುವುದಿಲ್ಲ, ಸಿಫಿಲಿಸ್ ಇದ್ದರೆ ಅದರ ಲಕ್ಷಣಗಳನ್ನು ಮರೆಮಾಚಲೂಬಹುದು. ಆದ್ದರಿಂದ ಆ ಔಷಧಿಯ ಹೆಸರನ್ನು ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ನೀಡುವ ಸುರಕ್ಷಾ ಕ್ಲಿನಿಕ್‌ನ ವೈದ್ಯರಿಗೆ ತಪ್ಪದೆ ತಿಳಿಸುವಂತೆ ಹೇಳಿದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಲಿಲ್ಲವಾದ್ದರಿಂದ ಅದರ ಮೊದಲ ಡೋಸನ್ನು ಅಂದೇ ಕೊಡಿಸಲಾಯಿತು.

ಒಸಡು ಮುಚ್ಚಿಕೊಳ್ಳುವವರೆಗೆ, ಎಂದರೆ ಕನಿಷ್ಠ ಎರಡು ವಾರ, ಮುಖಮೈಥುನ ಬೇಡ. ಆನಂತರವೂ ಕಾಂಡೋಮ್ ಇರಲಿ, ಮುಖಮೈಥುನಕ್ಕೆ ಮುನ್ನ ಒಸಡಿನಲ್ಲಿ ರಕ್ತ ಬರುವಂತೆ ಹಲ್ಲುಜ್ಜುವುದು ಬೇಡ, ಪರೀಕ್ಷೆಗಳು ಮುಗಿಯುವವರೆಗೆ ರಕ್ತದಾನವೂ ಬೇಡ ಎಂದು ತಿಳಿಸಿದೆ. ಮನೆಯವರಿಗೆ ಗೊತ್ತಾಗುತ್ತದೆಯೇ ಎಂಬ ಅಳುಕು ಕೊನೆಗೆ ಹೊರಬಂತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಡಿ ಅವರ ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಮನೆಯವರಿಗೆ ತಿಳಿಸುವಂತಿಲ್ಲವೆಂದು ವಿವರಿಸಿ, ರಾತ್ರಿ ಆತಂಕ ಕಾಡಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದೆಂದೆ.

ಮೊದಲ ದಿನದ ಫಲಿತಾಂಶ ನೆಗೆಟಿವ್; ಅದು ಈ ಸಂಪರ್ಕಕ್ಕಿಂತ ಹಿಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆಂಬುದನ್ನು ಎರಡು ಬಾರಿ ತಿಳಿಸಬೇಕಾಯಿತು. ಆರು ವಾರ ಮತ್ತು ಮೂರು ತಿಂಗಳ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳೂ ನೆಗೆಟಿವ್ ಬಂದವು. ಲಸಿಕೆಯ ಮೂರನೆಯ ಡೋಸ್ ಇನ್ನೂ ಬಾಕಿಯಿದೆ.