ಸೋಫಾ ಮೇಲೆ ಬೆಕ್ಕಿನ ಉಗುರು: ಎಣ್ಣೆ ಹಚ್ಚಬಹುದಾ?

ಪ್ರಶ್ನೆ: ನಮ್ಮ ಚರ್ಮದ ಸೋಫಾದ ಕೈ ಮೇಲೆ ಬೆಕ್ಕು ಪರಚಿ ಗೀರು ಬಿದ್ದಿವೆ. ಬಾಜೂ ಮನೆಯ ಕಾಕೂ ‘ಅಥಣಿ ಚಪ್ಪಲಿಗೆ ಹಚ್ಚೋ ಹಾಗೆ ಎಣ್ಣೆ ಹಚ್ಚು, ಆಮೇಲೆ ಬೂಟ್ ಪಾಲಿಶ್ ತಿಕ್ಕು’ ಅಂತಾರೆ. ಮಾಡಲಾ ಮೇಡಂ?
- ಓದುಗರೊಬ್ಬರು, ವಿಜಯಪುರ

ಉತ್ತರ: ಬೇಡ ರೀ. ಕಾಕೂ ಹೇಳಿದ್ದು ಚಪ್ಪಲಿಗೆ ಸರಿ. ಅಥಣಿ ಚಪ್ಪಲಿಯ ಚರ್ಮ ಗಿಡದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು, ಮೇಲೆ ಬಣ್ಣದ ಪದರ ಇರಲ್ಲ, ಅದಕ್ಕೇ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಸೋಫಾ ಚರ್ಮಕ್ಕೆ ಸಾಮಾನ್ಯವಾಗಿ ಬಣ್ಣ ಬಳಿದು ಮೇಲೊಂದು ತೆಳು ಲೇಪ ಕೊಟ್ಟಿರುತ್ತಾರೆ. ಎಣ್ಣೆ ಗೀರಿನೊಳಗೆ ಮಾತ್ರ ಇಳಿದು ಕಪ್ಪಾಗುತ್ತದೆ, ಊರ ಧೂಳೆಲ್ಲ ಅಲ್ಲೇ ಕೂರುತ್ತದೆ, ಆಮೇಲೆ ಬಣ್ಣ ಹಚ್ಚಿದರೂ ಹಿಡಿಯಲ್ಲ. ಇನ್ನು ಬೂಟ್ ಪಾಲಿಶ್ ಬಟ್ಟೆಗೆ ಹತ್ತುತ್ತದೆ. ಬಿಳಿ ಧೋತರ ಉಟ್ಟ ಬೀಗರು ಕೂತು ಎದ್ದಾಗ ಗೊತ್ತಾಗುತ್ತದೆ!

ಮೊದಲು ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಒಳಗೆ ಹೀರಿ ಅಲ್ಲಿ ಬಣ್ಣ ಗಾಢವಾದರೆ ಲೇಪ ಇಲ್ಲದ ಚರ್ಮ. ಅಂಥದ್ದರ ಮೇಲಿನ ಸಣ್ಣ ಗೀರು ಹೆಬ್ಬೆರಳಿನಿಂದ ತುಸು ಹೊತ್ತು ತಿಕ್ಕಿದರೇ ಎಷ್ಟೋ ಮಾಸುತ್ತದೆ. ಮಾಸದಿದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು ಆಡಿಸಿ, ಒಂದೇ ಕಡೆ ಹಿಡಿಯಬೇಡಿ.

ಹನಿ ಹಾಗೇ ನಿಂತರೆ ಲೇಪ ಇದೆ ಅಂತ, ಬಹುಶಃ ನಿಮ್ಮದೂ ಇದೇ. ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಗೀರಿನ ಅಂಚಿನಲ್ಲಿ ಎದ್ದು ನಿಂತ ಎಳೆಗಳನ್ನು ಕೀಳಬೇಡಿ, ಸಣ್ಣ ಕತ್ತರಿಯಿಂದ ಕತ್ತರಿಸಿ. ಉಗುರು ಆಡಿಸಿದಾಗ ತಗ್ಗು ತಾಕಿದರೆ ಲೆದರ್ ಫಿಲ್ಲರ್, ಅಂದ್ರೆ ತಗ್ಗು ತುಂಬುವ ಪೇಸ್ಟ್ ಬೇಕು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತೆಳ್ಳಗೆ ಸವರಿ, ಒಣಗಿದ ಮೇಲೆ 600 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ತಿಕ್ಕಿ. ಆಮೇಲೆ ಲೆದರ್ ಬಣ್ಣ, ಸ್ಪಂಜಿನ ತುಂಡಿನಿಂದ ತೆಳ್ಳಗೆ, ಒಂದು ಕೋಟ್ ಒಣಗಿದ ಮೇಲೇ ಇನ್ನೊಂದು. ಒಮ್ಮೆಗೇ ದಪ್ಪ ಬಳಿದರೆ ಪಟ್ಟಿ ಎದ್ದು ಕಾಣುತ್ತದೆ. ಕೊನೆಗೆ ಬಣ್ಣವಿಲ್ಲದ ಲೆದರ್ ಫಿನಿಶ್, ಅಂದ್ರೆ ಮೇಲಿನ ತೆಳು ಲೇಪ, ಒಂದು ಕೈ. ಬಣ್ಣ ಹೊಂದುತ್ತಾ ಅನ್ನೋದನ್ನು ಮೊದಲೇ ಸೋಫಾದ ಹಿಂದೆ ಹಚ್ಚಿ, ಒಣಗಿದ ಮೇಲೆ ನೋಡಿ, ಹಸಿ ಇದ್ದಾಗ ನಂಬಬೇಡಿ. ಬೇಸಿಗೆಯಲ್ಲಾದರೆ ಈ ಕೆಲಸ ಬೆಳಿಗ್ಗೆಯೇ ಮುಗಿಸಿ, ವಿಜಯಪುರದ ಮಧ್ಯಾಹ್ನದ ಬಿಸಿಗೆ ಸವರುವ ಮೊದಲೇ ಬಣ್ಣ ಒಣಗುತ್ತದೆ.

ಚರ್ಮ ಹರಿದು ಒಳಗಿನ ಸ್ಪಂಜು ಕಂಡರೆ ಮಾತ್ರ ಕುಷನ್ ಕೆಲಸದವರನ್ನೇ ಕರೆಸಿ.

ಪ್ರಶ್ನೆ: ನಮ್ಮ ಸೋಫಾದ ಮೇಲ್ಪದರ ಸಿಪ್ಪೆಯ ಹಾಗೆ ಉದುರುತ್ತಿದೆ, ಒಳಗೆ ಬಟ್ಟೆ ಕಾಣುತ್ತದೆ. ಇದಕ್ಕೂ ಬಣ್ಣ ನಡೆಯುತ್ತಾ?
- ಓದುಗರೊಬ್ಬರು, ಜಮಖಂಡಿ

ಉತ್ತರ: ಇಲ್ಲ. ಒಳಗೆ ಬಟ್ಟೆ ಕಂಡಿತು ಅಂದ್ರೆ ಅದು ಅಪ್ಪಟ ಚರ್ಮ ಅಲ್ಲ, ರೆಕ್ಸಿನ್ ಇಲ್ಲಾ ಚರ್ಮದ ಚೂರು ಅಂಟಿಸಿ ಮಾಡಿದ್ದು. ಉದುರಲು ಶುರುವಾದ ಮೇಲೆ ಏನು ಬಳಿದರೂ ಪದರದ ಜೊತೆ ಅದೂ ಉದುರುತ್ತದೆ, ಸುಮ್ನೆ ದುಡ್ಡು ದಂಡ. ಸ್ಪಂಜು ಗಟ್ಟಿ ಇದ್ದರೆ ಅದನ್ನೇ ಇಟ್ಟು ಮೇಲಿನ ಹೊದಿಕೆ ಮಾತ್ರ ಬದಲಾಯಿಸಲು ಹೇಳಿ.