ಬಸ್ಸಿನೊಳಗಿನ ಮಂಚ: ಸಾಮಾನಿನ ತೂಕ ಎಲ್ಲಿ ಕೂರಬೇಕು?

ಪ್ರಶ್ನೆ: ಶಾಲೆಯೊಂದು ಹರಾಜಿಗಿಟ್ಟಿದ್ದ ಹಳೆಯ ಮಿನಿ ಬಸ್ಸನ್ನು ಕೊಂಡಿದ್ದೇನೆ. ಮುಂದಿನ ಎರಡು ಸಾಲು ಸೀಟುಗಳನ್ನು ಉಳಿಸಿಕೊಂಡು, ಉಳಿದವನ್ನು ತೆಗೆಸಿ, ತಾಯಿ ಮತ್ತು ಪತ್ನಿಯೊಂದಿಗೆ ಮಂತ್ರಾಲಯ, ಶ್ರೀಶೈಲ, ಪಂಢರಪುರಗಳಿಗೆ ಹೋಗಿಬರುವ ಆಸೆಯಿದೆ. ಒಳಗಿನ ಅಗಲ 6 ಅಡಿ 1 ಅಂಗುಲ, ಎತ್ತರ 6 ಅಡಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 11 ಅಡಿ ಅಂತರವಿದೆ. ಹಿಂಬದಿಯಲ್ಲಿ ಅಡ್ಡಲಾಗಿ ಮಂಚದ ಕಟ್ಟೆ ಮಾಡಿಸಿ, ಅದರ ಕೆಳಗೆ ನೀರಿನ ಟ್ಯಾಂಕು, ಇನ್ವರ್ಟರ್ ಬ್ಯಾಟರಿ, ಗ್ಯಾಸ್ ಸಿಲಿಂಡರು, ಅಡುಗೆ ಸಾಮಾನು ಎಲ್ಲವನ್ನೂ ಇಡಬೇಕೆಂದಿದ್ದೇನೆ. ಕಟ್ಟೆ 30 ಅಂಗುಲ ಎತ್ತರವಿರಲಿ, 19 ಮಿ.ಮೀ. ಪ್ಲೈವುಡ್ ಹಾಕಿ ಇಡೀ ಮಂಚಕ್ಕೆ ಒಂದೇ ಹೈಡ್ರಾಲಿಕ್ ಮುಚ್ಚಳ ಮಾಡೋಣ ಎಂದು ಬಡಿಗರು ಹೇಳುತ್ತಾರೆ. ಮನೆಯಲ್ಲಿ ಬೇವಿನ ಹಲಗೆಗಳೂ ಇವೆ. ನನ್ನ ಎತ್ತರ 5 ಅಡಿ 10 ಅಂಗುಲ. ತಾಯಿಯವರಿಗೆ ಮಂಡಿನೋವಿದೆ. ದಯವಿಟ್ಟು ಸಲಹೆ ನೀಡಿ. – ಓದುಗರು, ಗಂಗಾವತಿ

ಉತ್ತರ: ತಾವು ಅಳತೆಗಳನ್ನೆಲ್ಲ ಬರೆದು ಕಳುಹಿಸಿದ್ದರಿಂದ ಉತ್ತರಿಸುವುದು ಸುಲಭವಾಗಿದೆ. ಬಡಿಗರು ಹೇಳಿರುವ ಮಂಚ ಮನೆಯ ಕೋಣೆಗೆ ಒಪ್ಪುವಂಥದ್ದು. ಬಸ್ಸಿನಲ್ಲಿ ಮಂಚವು ವಾಹನದ ಹೊರೆಯ ಒಂದು ಭಾಗವಾದ್ದರಿಂದ, ಅದರ ಕೆಳಗೆ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದಕ್ಕಿಂತ, ಯಾವ ಸಾಮಾನು ಎಲ್ಲಿ ಕೂರುತ್ತದೆ ಎಂಬುದನ್ನೇ ಮೊದಲು ತೀರ್ಮಾನಿಸಬೇಕು.

ನೀರು, ಬ್ಯಾಟರಿ, ಪಾತ್ರೆ, ದಿನಸಿ ಎಲ್ಲ ಸೇರಿ 200 ಕೆ.ಜಿ. ಆಯಿತೆಂದುಕೊಳ್ಳೋಣ. 100 ಲೀಟರ್ ನೀರೇ 100 ಕೆ.ಜಿ. ತೂಗುವುದರಿಂದ ಇದು ಹೆಚ್ಚಿನ ಅಂದಾಜೇನಲ್ಲ. ಈ ಹೊರೆ ಹಿಂದಿನ ಆಕ್ಸಲ್‌ನಿಂದ 5 ಅಡಿ ಹಿಂದಕ್ಕೆ ಕುಳಿತರೆ ಆಕ್ಸಲ್ಲೇ ತಕ್ಕಡಿಯ ಆಧಾರವಾಗಿ ಮುಂಭಾಗ ಮೇಲೇಳಲು ನೋಡುತ್ತದೆ. 200 ಅನ್ನು 5ರಿಂದ ಗುಣಿಸಿ 11ರಿಂದ ಭಾಗಿಸಿದರೆ ಸುಮಾರು 90 ಬರುತ್ತದೆ. ಎಂದರೆ ಮುಂದಿನ ಚಕ್ರಗಳ ಮೇಲಿನ ಭಾರ 90 ಕೆ.ಜಿ.ಯಷ್ಟು ಇಳಿಯುತ್ತದೆ, ಹಿಂದಿನ ಚಕ್ರಗಳ ಮೇಲೆ 200ರ ಬದಲು 290 ಕೆ.ಜಿ. ಬೀಳುತ್ತದೆ. ಸ್ಟೇರಿಂಗ್ ಹಗುರವಾಯಿತೆಂದು ಮೊದಲ ದಿನ ಹಿತವೆನಿಸಬಹುದು. ಶ್ರೀಶೈಲದ ಘಾಟಿನ ತಿರುವುಗಳಲ್ಲಿ ಆ ಹಗುರತನ ಹಿತವೆನಿಸುವುದಿಲ್ಲ. ಆದ್ದರಿಂದ ನೀರು ಮತ್ತು ಬ್ಯಾಟರಿಯನ್ನು ಎರಡು ಆಕ್ಸಲ್‌ಗಳ ನಡುವೆ, ತಾವು ಉಳಿಸಿಕೊಳ್ಳಲಿರುವ ಸೀಟುಗಳ ಹಿಂದೆಯೇ ಇಡಿಸಿರಿ. ಮಂಚದ ಕೆಳಗೆ ಬಟ್ಟೆ, ಹೊದಿಕೆ, ಚಾಪೆ, ಮಡಚುವ ಕುರ್ಚಿಗಳಂಥ ಹಗುರ ವಸ್ತುಗಳು ಸಾಕು. ದೊಡ್ಡ ಟ್ಯಾಂಕು ಅರ್ಧ ಖಾಲಿಯಾದಾಗ ನೀರು ಒಳಗೇ ತುಳುಕಾಡಿ ಬಸ್ಸನ್ನು ಜಗ್ಗುವುದರಿಂದ, 20 ಲೀಟರಿನ ಕ್ಯಾನುಗಳನ್ನು ಸಾಲಾಗಿ ನಿಲ್ಲಿಸಿ ಪಟ್ಟಿ ಬಿಗಿಯುವುದೇ ಮೇಲು.

ಗ್ಯಾಸ್ ಸಿಲಿಂಡರನ್ನು ಮಂಚದ ಕೆಳಗೆ ಇಡಲೇಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಮಲಗಿದವರ ಕೆಳಗೇ ಶೇಖರವಾಗುತ್ತದೆ. ಮನೆಯ 14.2 ಕೆ.ಜಿ. ಸಿಲಿಂಡರಿನ ಮಾತು ಬಿಡಿ, 5 ಕೆ.ಜಿ.ಯ ಚಿಕ್ಕದಾದರೂ ಹೊರಗಿನಿಂದಷ್ಟೇ ಬಾಗಿಲು ತೆರೆಯುವ, ತಳದಲ್ಲಿ ನೇರ ಹೊರಕ್ಕೆ ರಂಧ್ರವಿರುವ ಪ್ರತ್ಯೇಕ ಗೂಡು ಅದಕ್ಕೆ ಬೇಕು. ಇನ್ವರ್ಟರಿಗೆ ಬಳಸುವ ಟ್ಯೂಬ್ಯುಲರ್ ಬ್ಯಾಟರಿಯ ತೊಂದರೆ ಬೇರೆ ಬಗೆಯದು. ಚಾರ್ಜ್ ಆಗುವಾಗ ಅದರಿಂದ ಹೊರಬರುವ ಜಲಜನಕವು ಮೇಲೇರುವುದರಿಂದ ಅದರ ಪೆಟ್ಟಿಗೆಗೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಬೇಕು.

ಇನ್ನು ಮಂಚದ ಆಕಾರ. ಅಡ್ಡ ಮಂಚ ತಮಗೆ ಹೊಂದುವುದಿಲ್ಲ. ಒಳಗೋಡೆಗಳಿಗೆ ಶಾಖ ತಡೆಯುವ ಪದರ ಮತ್ತು ಹಲಗೆ ಹೊಡೆಸಿದರೆ ಪ್ರತಿ ಬದಿಗೆ 1 ಅಂಗುಲ ಹೋಗಿ 5 ಅಡಿ 11 ಅಂಗುಲ ಉಳಿಯುತ್ತದೆ; ತಮ್ಮ ತಲೆ ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂಬದಿಯ ತುರ್ತು ಬಾಗಿಲನ್ನು ಅಡ್ಡ ಮಂಚ ಮುಚ್ಚಿಬಿಡುತ್ತದೆ. ಹಳೆಯ ಬಸ್ಸುಗಳನ್ನು ಮನೆಯಂತೆ ಮಾಡಿಸಿಕೊಂಡವರಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ತಪ್ಪು ಇದೇ. ಬೆಂಕಿ ಸಾಮಾನ್ಯವಾಗಿ ಎಂಜಿನ್ನಿನ ಕಡೆಯಿಂದ, ಎಂದರೆ ಮುಂದಿನ ಬಾಗಿಲಿನ ಕಡೆಯಿಂದಲೇ ಬರುತ್ತದೆ ಎಂಬುದನ್ನು ನೆನೆದರೆ ಆ ಬಾಗಿಲಿನ ಬೆಲೆ ತಿಳಿಯುತ್ತದೆ.

ಆದ್ದರಿಂದ ಎರಡೂ ಬದಿಗೆ ಉದ್ದಕ್ಕೆ ಎರಡು ಕಟ್ಟೆಗಳನ್ನು ಕಟ್ಟಿಸಿರಿ. ಒಳಗೋಡೆಯ ಪದರ ಕಳೆದು ಉಳಿಯುವ 71 ಅಂಗುಲದಲ್ಲಿ ತಲಾ 26 ಅಂಗುಲದ ಎರಡು ಕಟ್ಟೆಗಳು, ನಡುವೆ 19 ಅಂಗುಲದ ಓಣಿ. ತುರ್ತು ಬಾಗಿಲಿಗೆ ದಾರಿ ಸಿಗುತ್ತದೆ, ಚಕ್ರಗಳ ಮೇಲಿನ ಉಬ್ಬು ಕಟ್ಟೆಯೊಳಗೆ ಅಡಗುತ್ತದೆ, ತಾಯಿಯವರಿಗೆ ಯಾರನ್ನೂ ದಾಟದೆ ಎದ್ದು ಹೋಗಬಹುದಾದ ತಮ್ಮದೇ ಮಂಚ ದೊರೆಯುತ್ತದೆ. ಮೂವರು ಮಲಗುವುದಕ್ಕೆ ರಾತ್ರಿ ಓಣಿಯ ಮುಂಭಾಗಕ್ಕೆ ಮಾತ್ರ ಒಂದು ಹಲಗೆ ಇಟ್ಟುಕೊಳ್ಳಬಹುದು. ಅದನ್ನು ಒಂದೇ ಕೈಯಲ್ಲಿ ಎತ್ತಿಡುವಂತಿರಬೇಕು, ಸ್ಕ್ರೂ ಹಾಕಿಸಬಾರದು. ಕಟ್ಟೆಗಳ ಎತ್ತರ 14 ಅಂಗುಲವಿರಲಿ. 4 ಅಂಗುಲದ ಗಾದಿ ಸೇರಿ 18 ಅಂಗುಲವಾಗುತ್ತದೆ, ಮಂಡಿನೋವಿನವರು ಪಾದವೂರಿ ಕುಳಿತು ಏಳಲು ಸರಿಯಾದ ಎತ್ತರ ಅದು. ಬಡಿಗರು ಹೇಳಿದ 30 ಅಂಗುಲದ ಮೇಲೆ ಗಾದಿ ಹಾಸಿದರೆ ಮಾಡಿಗೆ 38 ಅಂಗುಲವಷ್ಟೇ ಉಳಿಯುತ್ತದೆ. ಕುಳಿತರೆ ತಲೆ ತಗಡಿನ ಹತ್ತಿರ. ಹಗಲೆಲ್ಲ ಕಾದ ತಗಡು ನಮ್ಮ ಬೇಸಿಗೆಯ ರಾತ್ರಿಯಲ್ಲಿ ಎಷ್ಟು ಹೊತ್ತಿಗೆ ತಣಿಯುತ್ತದೆಂದು ರಾಯಚೂರು ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ.

ಚೌಕಟ್ಟಿಗೆ 1 ಅಂಗುಲದ, 2 ಮಿ.ಮೀ. ದಪ್ಪದ ಚೌಕ ಕಬ್ಬಿಣದ ಪೈಪು ಸಾಕು. ಮೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಒಂದೂವರೆ ಅಡಿಗೊಂದು ಅಡ್ಡಪಟ್ಟಿ ಕೊಟ್ಟರೆ ಮೇಲೆ 12 ಮಿ.ಮೀ. ಪ್ಲೈವುಡ್ ಬಾಗುವುದಿಲ್ಲ. 8×4 ಅಡಿಯ 19 ಮಿ.ಮೀ. ಹಲಗೆ ಸುಮಾರು 35 ಕೆ.ಜಿ. ತೂಗಿದರೆ 12 ಮಿ.ಮೀ.ದು 23 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿಕೊಳ್ಳಿ, ಅದು ನೀರು ತಡೆಯುವ ಜಾತಿ. ಬೇವಿನ ಹಲಗೆಗಳನ್ನು ಮನೆಯ ಕೆಲಸಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ಬೇವಿಗೆ ಹುಳು ಬೀಳುವುದು ಕಡಿಮೆಯೆಂಬುದು ನಿಜವಾದರೂ ಅದು ಭಾರ, ನಮ್ಮ ಒಣ ಬಿಸಿಲಿಗೆ ಸೊಟ್ಟಗಾಗುವ ಗುಣವೂ ಅದಕ್ಕಿದೆ.

ಒಂದೇ ದೊಡ್ಡ ಮುಚ್ಚಳ ಬೇಡ. ಒಂದು ಸಾಬೂನು ತೆಗೆಯಲು ಇಡೀ ಹಾಸಿಗೆ ಎತ್ತಬೇಕಾಗುತ್ತದೆ. ಪ್ರತಿ ಕಟ್ಟೆಗೆ 2 ಅಡಿ ಉದ್ದದ ಮೂರು ಮುಚ್ಚಳಗಳನ್ನು ಮಾಡಿಸಿದರೆ, ಹಲಗೆಯ 4 ಅಡಿ ಅಗಲವನ್ನು ಎರಡು ಸೀಳಿ, 8 ಅಡಿ ಉದ್ದದಲ್ಲಿ 26 ಅಂಗುಲಕ್ಕೊಂದರಂತೆ ಕೊಯ್ದು, ಒಂದೇ ಹಲಗೆಯಿಂದ ಆರೂ ಮುಚ್ಚಳಗಳು ಬರುತ್ತವೆ. ಗರಗಸ ತಿನ್ನುವ ನೂಲಿನಷ್ಟು ಅಂತರವೇ ಮುಚ್ಚಳ ಸಲೀಸಾಗಿ ಏಳಲು ಬೇಕಾದ ಸಂದಾಗುತ್ತದೆ. ಹಿಡಿಕೆಯ ಬದಲು ಬೆರಳು ತೂರುವ ತೂತು ಸಾಕು. ರಸ್ತೆಯ ಉಬ್ಬುಗಳಿಗೆ ಮುಚ್ಚಳ ಹಾರದಂತೆ ಗೋಡೆಯ ಬದಿಗೆ ಉದ್ದದ ಕೀಲು, ಓಣಿಯ ಬದಿಗೆ ಚಿಲಕ ಇರಲಿ.

ಸೀಟುಗಳನ್ನು ಬಿಗಿದಿದ್ದ ನೆಲದ ರಂಧ್ರಗಳನ್ನು ಮುಚ್ಚಿಸಲು ಆತುರಪಡಬೇಡಿ. ಬಸ್ಸು ಕಟ್ಟಿದವರು ಅಲ್ಲಿ ಕೆಳಗೆ ಬಲ ಕೊಟ್ಟಿರುತ್ತಾರೆ, ಆದ್ದರಿಂದ ಕಟ್ಟೆಯ ಕಾಲುಗಳನ್ನು ಸಾಧ್ಯವಾದಷ್ಟೂ ಅಲ್ಲಿಗೇ ತಂದು, ಕೆಳಗೆ ದಪ್ಪ ತಗಡಿನ ತುಂಡಿಟ್ಟು, ಅದುರಿದರೂ ಸಡಿಲವಾಗದ ನೈಲಾಕ್ ನಟ್ಟಿನೊಂದಿಗೆ 10 ಮಿ.ಮೀ. ಬೋಲ್ಟು ಬಿಗಿಸಿರಿ. ಹೊಸ ರಂಧ್ರ ಬೇಕಾದಲ್ಲಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರುಗಳು ಎಲ್ಲಿವೆಯೆಂದು ಒಬ್ಬರು ಬಸ್ಸಿನ ಕೆಳಗೆ ನುಸುಳಿ ನೋಡಿದ ಮೇಲೆಯೇ ಡ್ರಿಲ್ ಹಿಡಿಯಬೇಕು. ಚೌಕಟ್ಟನ್ನು ಹೊರಗೇ ವೆಲ್ಡ್ ಮಾಡಿಸಿ ತಂದು ಕೂರಿಸಿರಿ. ಒಳಗೆ ವೆಲ್ಡಿಂಗ್ ಅನಿವಾರ್ಯವಾದರೆ ಬ್ಯಾಟರಿಯ ತಂತಿಗಳನ್ನು ಕಳಚಿರಬೇಕು.

ಕೆಲಸಕ್ಕೆ ಮುನ್ನ ಆರ್‌ಟಿಒ ಕಚೇರಿಗೆ ಹೋಗಿಬನ್ನಿ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, ಸೀಟುಗಳ ಸಂಖ್ಯೆಯೂ ಶಾಲೆಯ ಹಳದಿ ಬಣ್ಣವೂ ಆ ಪತ್ರದಲ್ಲಿರುತ್ತವೆ. ಬಸ್ಸು ಓಡುವಾಗ ಯಾರೂ ಮಂಚದ ಮೇಲಿರಬಾರದು. ತಾಯಿಯವರಿಗೆ ಎಷ್ಟೇ ಆಯಾಸವಾಗಿದ್ದರೂ ಬೆಲ್ಟು ಹಾಕಿಕೊಂಡು ಸೀಟಿನಲ್ಲೇ ಕೂರಲಿ.

ಪ್ರಶ್ನೆ: ವ್ಯಾನಿನ ಮಂಚದ ಕೆಳಗೆ ಮುಚ್ಚಳದ ಬದಲು ಡ್ರಾಯರ್ ಮಾಡಿಸಬಹುದೆ? – ಓದುಗರು, ಲಿಂಗಸುಗೂರು

ಉತ್ತರ: ಮಾಡಿಸಬಹುದು, ಆದರೆ ಒಂದೆರಡಕ್ಕೆ ನಿಲ್ಲಿಸಿ. ಚಾನೆಲ್ಲು, ಪೆಟ್ಟಿಗೆಯ ಗೋಡೆಗಳೆಲ್ಲ ಸೇರಿ ತೂಕವೂ ಏರುತ್ತದೆ, ಸಾಮಾನಿನ ಜಾಗವೂ ಕುಗ್ಗುತ್ತದೆ. ಮನೆಯ ಡ್ರಾಯರಿನಂತೆ ತಳ್ಳಿದರೆ ನಿಲ್ಲುವ ಚಾನೆಲ್ಲನ್ನು ವಾಹನದಲ್ಲಿ ನಂಬುವಂತಿಲ್ಲ. ನಾನು ಮೊದಲು ಮಾಡಿಸಿದ ವ್ಯಾನಿನಲ್ಲಿ, ಸಂಡೂರಿನ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತೆಂದು ಬ್ರೇಕ್ ಒತ್ತಿದಾಗ, ಮುಂದಕ್ಕೆ ತೆರೆಯುವಂತೆ ಕೂರಿಸಿದ್ದ ಡ್ರಾಯರು ಪೂರ್ತಿ ಹೊರಜಾರಿ, ಕುಕ್ಕರು ನನ್ನ ಸೀಟಿನ ಬೆನ್ನಿಗೆ ಬಂದು ಬಡಿದಿತ್ತು. ಓಣಿಯ ಕಡೆಗೆ, ಎಂದರೆ ವಾಹನದ ಓಟಕ್ಕೆ ಅಡ್ಡಲಾಗಿ ತೆರೆಯುವಂತೆ ಮಾಡಿಸಿ, ಪ್ರತಿಯೊಂದಕ್ಕೂ ಕೈಯಿಂದ ಎತ್ತಿ ಬಿಡಿಸುವ ಚಿಲಕ ಹಾಕಿಸಿರಿ.

ಪ್ರಶ್ನೆ: ನಮ್ಮ ಹಳೆಯ ಬಸ್ಸಿನ ಮಂಚದ ಮೇಲಿನ ಗಾದಿಯ ಅಡಿ ಒದ್ದೆಯಾಗಿ ಬೂಷ್ಟು ಹಿಡಿದಿದೆ. ಸೋರಿಕೆ ಎಲ್ಲೂ ಕಾಣುತ್ತಿಲ್ಲ. ಕೆಳಗಿನ ಗೂಡಿಗೆ ಇಲಿಯೂ ಸೇರಿಕೊಂಡಿದೆ. – ಓದುಗರು, ಸಿರುಗುಪ್ಪ

ಉತ್ತರ: ಆ ನೀರು ಮಾಡಿನಿಂದ ಬಂದದ್ದಲ್ಲ, ಮಲಗಿದವರ ಮೈಯಿಂದಲೇ ಬಂದದ್ದು. ಮೈಯ ಬೆವರಿನ ಆವಿ ಗಾದಿಯನ್ನು ದಾಟಿ ಕೆಳಗಿನ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಚಳಿಗಾಲದಲ್ಲಿ ಇದು ಹೆಚ್ಚು. ನಮ್ಮ ಹಿರಿಯರ ಹೊರಸಿಗೆ ಈ ತೊಂದರೆ ಇರಲಿಲ್ಲ, ಹಗ್ಗದ ಹೆಣಿಗೆಯ ನಡುವೆ ಗಾಳಿ ಆಡುತ್ತಿತ್ತು. ತಮ್ಮ ಹಲಗೆಗೂ 6 ಅಂಗುಲಕ್ಕೊಂದರಂತೆ 1 ಅಂಗುಲದ ತೂತುಗಳನ್ನು ಕೊರೆಸಿ, ಗಾದಿಯ ಕೆಳಗೆ ತೆಂಗಿನ ನಾರಿನ ತೆಳು ಪದರ ಹಾಸಿ, ಬೆಳಿಗ್ಗೆ ಗಾದಿಯನ್ನು ಒಂದು ಗಂಟೆ ಗೋಡೆಗೆ ಒರಗಿಸಿಡಿ.

ಭತ್ತದ ಸೀಮೆಯಲ್ಲಿ ನಿಂತ ಬಸ್ಸಿಗೆ ಇಲಿ ತಪ್ಪಿದ್ದಲ್ಲ. ಅದು ಒಳಬರುವುದು ವೈರು ಮತ್ತು ಪೈಪುಗಳು ನೆಲ ದಾಟುವ ತೂತುಗಳಿಂದ. ಆ ಸಂದುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಮೇಲೆ ಸೀಲೆಂಟ್ ಹಚ್ಚಿಸಿರಿ. ಬರೀ ಫೋಮ್ ತುಂಬಿದರೆ ಇಲಿ ಕಡಿದು ಒಳಬರುತ್ತದೆ. ಕಾಳು, ಅಕ್ಕಿಯನ್ನು ತಗಡಿನ ಡಬ್ಬಿಯಲ್ಲಷ್ಟೇ ಇಡಿ, ವೈರುಗಳನ್ನು ಇಲಿ ಕಡಿದಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಪ್ರಯಾಣಕ್ಕೆ ಗಾಡಿ ತೆಗೆಯಿರಿ.